ಮರೆವು ಎಂಬ ಮರೆ

ಕನ್ನಡದ ‘ಮರೆ’ ಎಂಬ ಮಾತು ಕ್ರಿಯಾಪದವಾದಾಗ ನೆನಪು ತಪ್ಪುವುದನ್ನೂ ನಾಮಪದವಾದಾಗ ನೋಟಕ್ಕೆ ಅಡ್ಡವಾಗಿ ನಿಂತ ಪರದೆ, ತಡಿಕೆ, ಗೋಡೆಗಳನ್ನೂ ಸೂಚಿಸುತ್ತದೆ. ಹಳಗನ್ನಡದಲ್ಲಿ ಇವೆರಡನ್ನೂ ಶಕಟರೇಫವೆಂದು ಕರೆಯಲಾಗುವ, ಈಗ ಬಳಕೆಯಿಂದ ಬಿದ್ದುಹೋಗಿರುವ ‘ಱ’ಕಾರದಿಂದಲೇ ‘ಮಱೆ’ ಎಂದು ಬರೆಯುತ್ತಿದ್ದರು. ತಮಿಳಿನಲ್ಲಿಯೂ ಮರೆಯುವುದಕ್ಕೆ ‘ಮಱ’, ಮರೆಯಾಗುವುದಕ್ಕೆ ‘ಮಱೈ’ ಎಂಬ ಜೋಡಿ ಉಳಿದಿರುವುದನ್ನು ನೋಡಿದರೆ ಈ ನಂಟು ಆಕಸ್ಮಿಕವೆನಿಸುವುದಿಲ್ಲ. ಕಣ್ಮರೆಯಾದದ್ದು, ಮರೆಮಾಚಿದ್ದು, ಮರೆಹೊಕ್ಕದ್ದು, ಇವೆಲ್ಲವೂ ಎಲ್ಲೋ ಒಂದೆಡೆ ಇದ್ದೇ ಇವೆ, ಕಾಣುತ್ತಿಲ್ಲ ಅಷ್ಟೆ. ಮರೆತದ್ದೂ ಹಾಗೆಯೇ ಇದೆಯೆಂಬ ನಂಬಿಕೆ ಈ ಪದದೊಳಗೆ ಅಡಗಿದೆ, ಮತ್ತು ಬಹುಮಟ್ಟಿಗೆ ಅದು ನಿಜವೂ ಹೌದು.

1966ರಲ್ಲಿ ಎಂಡೆಲ್ ಟಲ್ವಿಂಗ್ ಮತ್ತು ಜೀನಾ ಪರ್ಲ್‌ಸ್ಟೋನ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಬೇರೆಬೇರೆ ವರ್ಗಗಳ ಅಡಿಯಲ್ಲಿ ಜೋಡಿಸಿದ ಪದಗಳನ್ನು ಕೇಳಿಸಿ, ಬಳಿಕ ಅರ್ಧ ಜನರಿಗೆ ಖಾಲಿ ಹಾಳೆಯನ್ನೂ ಉಳಿದವರಿಗೆ ವರ್ಗಗಳ ಹೆಸರಿದ್ದ ಹಾಳೆಯನ್ನೂ ಕೊಡಲಾಯಿತು. ಖಾಲಿ ಹಾಳೆಯವರು ಕಡಿಮೆ ಪದಗಳನ್ನು ಬರೆದರು. ಆದರೆ ಆಮೇಲೆ ಅವರಿಗೂ ವರ್ಗಗಳ ಹೆಸರನ್ನು ತೋರಿಸಿದಾಗ, ಆಗ ಹೊಳೆಯದಿದ್ದ ಎಷ್ಟೋ ಪದಗಳು ಹೊರಬಂದವು. ಮನಸ್ಸಿನಲ್ಲಿ ಇರುವುದು ಬೇರೆ, ಬೇಕೆಂದಾಗ ಕೈಗೆ ಸಿಗುವುದು ಬೇರೆ ಎಂಬ ಭೇದ ಇದರಿಂದ ಸ್ಪಷ್ಟವಾಯಿತು; ಕೈಗೆ ಸಿಗುವಂತೆ ಮಾಡುವ ಶಬ್ದ, ವಾಸನೆ, ಸ್ಥಳ, ಮುಖ ಮುಂತಾದವನ್ನು ಸುಳಿವು ಎನ್ನಬಹುದು. ಹತ್ತನೆಯ ಶತಮಾನದ ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯನ್ನು ಕುರಿತು ಬರೆದ ಪ್ರಸಿದ್ಧ ಪದ್ಯವನ್ನು ಈ ದೃಷ್ಟಿಯಿಂದ ಓದಬೇಕು. ಮೈಗೆ ತಾಗುವ ತೆಂಕಣ ಗಾಳಿ, ಕಿವಿಹೊಗುವ ಇಂಪಾದ ಹಾಡು, ಕಣ್ಣಿಗೆ ಬೀಳುವ ಬಿರಿದ ಮಲ್ಲಿಗೆ ಎಂದು ಅಲ್ಲಿ ಬರುವುದು ಸುಳಿವುಗಳ ಪಟ್ಟಿಯೇ. ಅದಕ್ಕಿಂತ ಸೂಕ್ಷ್ಮವಾದ ಸಂಗತಿಯೆಂದರೆ, ನೆನೆಯುವ ಕ್ರಿಯೆಯ ಕರ್ತೃವಾಗಿ ನಿಲ್ಲುವುದು ಮನಸ್ಸೇ ಹೊರತು ಮನುಷ್ಯನಲ್ಲ, ಯಾರು ಅಂಕುಶದಿಂದ ತಡೆದರೂ ಅದು ನಿಲ್ಲುವುದಿಲ್ಲ.

ಆಡುಮಾತಿನ ವ್ಯಾಕರಣಕ್ಕೂ ಈ ವಿವೇಕವಿದೆ. ನೆನಪು ಒಬ್ಬರಿಗೆ ‘ಬರುತ್ತದೆ’, ‘ಆಗುತ್ತದೆ’. ತಮ್ಮ ಮರೆವಿನ ಬಗ್ಗೆ ಹೇಳುವಾಗ ಜನ ಸಾಮಾನ್ಯವಾಗಿ ‘ಮರೆತುಹೋಯಿತು’ ಎನ್ನುತ್ತಾರೆ, ತಾನಾಗಿ ನಡೆದುಹೋದದ್ದು ಎಂಬಂತೆ. ಇನ್ನೊಬ್ಬರ ಮರೆವಿನ ಮಾತು ಬಂದಾಗ ಹೆಚ್ಚಾಗಿ ‘ಮರೆತುಬಿಟ್ಟೆಯಾ’ ಎಂಬ ರೂಪ ಬಾಯಿಗೆ ಬರುತ್ತದೆ, ಮತ್ತು ಅದರಲ್ಲಿ ಬೇಕೆಂದೇ ಮಾಡಿದರೆಂಬ ಆಕ್ಷೇಪಣೆ ಸೇರಿಕೊಳ್ಳುತ್ತದೆ.

ಎಲ್ಲ ಮರೆವೂ ಪರದೆಯ ಹಿಂದಿನದಲ್ಲ. ‘ಮೈಮರೆ’ ಎಂಬ ಸಮಾಸ ಇದಕ್ಕೆ ದಾರಿ ತೋರಿಸುತ್ತದೆ: ಬೇರೊಂದರಲ್ಲಿ ಮೈಮರೆತವರು ಕೀಲಿಕೈಯನ್ನು ಎಲ್ಲಿಟ್ಟರೆಂಬುದು ಗಮನಕ್ಕೇ ಬಾರದೆ ದಾಖಲಾಗಿರುವುದಿಲ್ಲ, ಹಾಗಾಗಿ ಯಾವ ಸುಳಿವೂ ಅದನ್ನು ಹೊರತರಲಾರದು. ಗಮನವಿದ್ದೂ ದಾಖಲಾಗದ ಸ್ಥಿತಿಯಿದೆಯೆಂದು ಸ್ಪಷ್ಟವಾಗಿ ತಿಳಿದದ್ದು ಅಮೆರಿಕದ ಹೆನ್ರಿ ಮೊಲೈಸನ್ ಅವರಿಂದ. ಮೂರ್ಛೆರೋಗವನ್ನು ಹತೋಟಿಗೆ ತರಲೆಂದು 1953ರಲ್ಲಿ, ಅವರ 27ನೆಯ ವಯಸ್ಸಿನಲ್ಲಿ, ಮಿದುಳಿನ ಎರಡೂ ಬದಿಯ ಒಳಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಾಗ, ಹೊಸ ಅನುಭವಗಳನ್ನು ಉಳಿಯುವ ನೆನಪಾಗಿಸುವ ಹಿಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಭಾಗ ಹೊರಟುಹೋಯಿತು. ಬಾಲ್ಯ ಅವರಿಗೆ ನೆನಪಿತ್ತು, ಆಗಷ್ಟೇ ಭೇಟಿಯಾಗಿ ಹೋದವರು ನೆನಪಿರಲಿಲ್ಲ. ಹಾಗಿದ್ದರೂ ಕನ್ನಡಿಯಲ್ಲಿ ಕಾಣುವ ನಕ್ಷತ್ರದ ಗೆರೆಯನ್ನು ಪೆನ್ಸಿಲಿನಿಂದ ಹಿಂಬಾಲಿಸುವ ಕೆಲಸದಲ್ಲಿ ಅವರ ಕೈ ದಿನದಿಂದ ದಿನಕ್ಕೆ ಪಳಗಿದ್ದನ್ನು ಬ್ರೆಂಡಾ ಮಿಲ್ನರ್ ಗುರುತಿಸಿದರು, ಆ ಕೆಲಸವನ್ನು ಹಿಂದೆ ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ. ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ ಎಂಬ ತಿಳಿವು ಅವರ ಬದುಕು ಕೊಟ್ಟ ಬಹುದೊಡ್ಡ ಕೊಡುಗೆ.

ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಾನಿಮಾಡುವುದು ಇದೇ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗಕ್ಕೆ. ಆದ್ದರಿಂದಲೇ ಮದುವೆಯ ದಿನದ ಊಟವನ್ನು ವರ್ಣಿಸಬಲ್ಲ ತಾಯಿ ಬೆಳಗಿನ ತಿಂಡಿ ಆಯಿತೇ ಎಂದು ಮತ್ತೆಮತ್ತೆ ಕೇಳುತ್ತಾಳೆ. ‘ಈಗ ತಾನೇ ಹೇಳಿದೆನಲ್ಲ ಅಮ್ಮ, ಮರೆತುಬಿಟ್ಟೆಯಾ’ ಎಂಬ ಮಾತು ಅವಳಿಗೆ ಅನ್ಯಾಯ ಮಾಡುತ್ತದೆ, ಏಕೆಂದರೆ ಮರೆಯಲು ಅಲ್ಲಿ ಏನೂ ಉಳಿದುಕೊಂಡಿರಲೇ ಇಲ್ಲ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಮಾಡುವ ಹಾನಿ ಇನ್ನೂ ಹೆಚ್ಚು: ರೋಗವನ್ನು ವಯಸ್ಸಿನ ಸಹಜ ಗುಣವೆಂದು ಒಪ್ಪಿಸಿ, ವೈದ್ಯರ ಬಳಿಗೆ ಹೋಗುವ ಹೆಜ್ಜೆಯನ್ನೇ ಅದು ತಡೆಯುತ್ತದೆ. 1906ರಲ್ಲಿ ಅಲೋಯಿಸ್ ಆಲ್ಜೈಮರ್ ಈ ಕಾಯಿಲೆಯನ್ನು ವಿವರಿಸಿದ್ದು ಯಾರನ್ನು ಪರೀಕ್ಷಿಸಿ ಕಂಡುಕೊಂಡ ಸಂಗತಿಗಳಿಂದಲೋ ಆ ಜರ್ಮನ್ ಮಹಿಳೆ ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ.