ಪಾತ್ರವರ್ಗ
ಕಲ್ಪಿತಲೋಕದ ಪಾತ್ರಧಾರಣೆ ಆಟಗಳಲ್ಲಿ ಆಟಗಾರ ಆರಿಸಿಕೊಳ್ಳುವ ಸಿದ್ಧ ಕಸುಬು. 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಯೋಧ, ಮಾಂತ್ರಿಕ, ಧರ್ಮಗುರು ಎಂಬ ಮೂರನ್ನಷ್ಟೇ ಕೊಟ್ಟಿತು. ಅದರಲ್ಲಿ ಮಾಂತ್ರಿಕನಿಗೆ ಕಠಾರಿ ಬಿಟ್ಟು ಬೇರೆ ಆಯುಧವಿರಲಿಲ್ಲ. ಇದು ಕೈಕಟ್ಟುವ ನಿಯಮವೆಂದು ಕಂಡವರಿಗೆ 1978ರ ‘ರೂನ್‌ಕ್ವೆಸ್ಟ್’ ವರ್ಗಗಳನ್ನೇ ಕೈಬಿಟ್ಟು, ಬಳಸಿದ ಕೌಶಲವೇ ಬೆಳೆಯುವ ದಾರಿ ತೋರಿಸಿತು. ಆದರೂ ಕಟ್ಟುಪಾಡಿನೊಳಗೇ ಸಲುಗೆ ಹುಟ್ಟುವುದುಂಟು. ಉದಾಹರಣೆಗೆ, ಚಿತ್ರದುರ್ಗ ಸೀಮೆಗೆ ಪರಿಚಿತವಾದ ಮೂಡಲಪಾಯ ಬಯಲಾಟ ಎಂಬ ಜನಪದ ನಾಟಕದಲ್ಲಿ ರಾಜ, ರಾಕ್ಷಸ, ಸ್ತ್ರೀ ವೇಷಗಳ ಉಡುಗೆ, ಕುಣಿತ, ಪದ ಎಲ್ಲವೂ ಗೊತ್ತುಪಡಿಸಿದವು. ಭುಜಕೀರ್ತಿ ಕಟ್ಟಿ ಅಬ್ಬರಿಸುತ್ತ ಬಂದ ವೇಷವನ್ನು ಹಾಸ್ಯಪಾತ್ರವಾದ ಸಾರಥಿ ‘ತಾವು ಯಾರು’ ಎಂದು ಕೆಣಕುತ್ತಾನೆ. ಎದುರಿನ ವೇಷ ಬಿಗಿಯಾಗಿರುವುದರಿಂದಲೇ ಅವನ ಹಾಸ್ಯ ಕಳೆಗಟ್ಟುತ್ತದೆ. ಬಯಲಾಟದ ಕಥೆಯ ಕೊನೆ ಮೊದಲೇ ನಿಶ್ಚಿತ, ಪಾತ್ರಧಾರಣೆ ಆಟಕ್ಕೆ ಹಾಗಿಲ್ಲ ಎನ್ನಬಹುದು. ನಿಜ, ಆದರೆ ವರ್ಗ ಮಿತಿ ಹಾಕುವುದು ಸಾಧನಗಳಿಗೆ ಮಾತ್ರ. ಬೀಗ ತೆಗೆಯಲು ಬಾರದ ಯೋಧ ಬಾಗಿಲು ಒಡೆಯಬಹುದು, ಕಾವಲುಗಾರನ ಕೈ ಬಿಸಿ ಮಾಡಬಹುದು. ಕೈಕಟ್ಟುತ್ತದೆಂಬ ದೂರು ಹೆಚ್ಚು ಸಲ್ಲುವುದು ಉತ್ತರಗಳನ್ನೂ ಮೊದಲೇ ಬರೆದಿಡುವ ಕಂಪ್ಯೂಟರ್ ಆಟಗಳಿಗೆ.