ವೋ ನ್ಗುಯೆನ್ ಜಿಯಾಪ್ (1911–2013)

ವಿಯೆಟ್ನಾಂನ ಸೇನಾನಿ. ಕ್ವಾಂಗ್ ಬಿನ್ ಪ್ರಾಂತ್ಯದಲ್ಲಿ ಜನನ. ಸೈನಿಕ ಶಾಲೆಯ ಮೆಟ್ಟಿಲು ಹತ್ತದ ಈತ ಹನೋಯಿಯಲ್ಲಿ ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರು; ನೆಪೋಲಿಯನ್ನನ ಯುದ್ಧಗಳೆಂದರೆ ಅಚ್ಚುಮೆಚ್ಚು. ಮೊದಲ ಹೆಂಡತಿ ಆಗ ವಿಯೆಟ್ನಾಂ ಆಳುತ್ತಿದ್ದ ಫ್ರೆಂಚರ ಸೆರೆಮನೆಯಲ್ಲೇ ತೀರಿಕೊಂಡಳು. 1944ರ ಡಿಸೆಂಬರ್ 22ರಂದು, ಸ್ವಾತಂತ್ರ್ಯ ಹೋರಾಟದ ನಾಯಕ ಹೊ ಚಿ ಮಿನ್ ಆದೇಶದಂತೆ, ಕೇವಲ 34 ಜನರ ದಳ ಕಟ್ಟಿದ. ವಿಯೆಟ್ನಾಂ ಸೇನೆಯ ಹುಟ್ಟುಹಬ್ಬ ಇಂದಿಗೂ ಅದೇ ದಿನ.

ಕೀರ್ತಿ ತಂದದ್ದು ಫ್ರೆಂಚರ ವಿರುದ್ಧದ ದಿಯೆನ್ ಬಿಯೆನ್ ಫು ಕದನ. ಕಣಿವೆಯಲ್ಲಿ ಬೀಡುಬಿಟ್ಟಿದ್ದ ಫ್ರೆಂಚರು, ಸುತ್ತಲ ಗುಡ್ಡಗಳಿಗೆ ಭಾರಿ ಫಿರಂಗಿ ಏರಿಸಲಾಗದೆಂದು ನಂಬಿದ್ದರು. ಜಿಯಾಪ್‌ನ ಸೈನಿಕರು ಅವನ್ನು ಹಗ್ಗ ಕಟ್ಟಿ ಕೈಯಲ್ಲೇ ಎಳೆದರು. ಅಕ್ಕಿ, ಮದ್ದುಗುಂಡು ಬಂದದ್ದು ಸೈಕಲ್ಲಿನಲ್ಲಿ. ಬಿದಿರು ಕಟ್ಟಿ ಬಲಪಡಿಸಿದ ಒಂದೊಂದು ಸೈಕಲ್ಲೂ 200 ಕಿಲೋಗೂ ಹೆಚ್ಚು ಹೊರುತ್ತಿತ್ತು. 1954ರ ಜನವರಿಯಲ್ಲಿ ದಾಳಿಗೆ ಎಲ್ಲ ಸಿದ್ಧವಾಗಿದ್ದಾಗ, ಗೆಲುವು ಖಚಿತವಿಲ್ಲವೆಂದು ಏರಿಸಿದ ಫಿರಂಗಿಗಳನ್ನೇ ಹಿಂದಕ್ಕೆ ಎಳೆಸಿದ. ಈತನ ದೊಡ್ಡ ನಿರ್ಧಾರ ಬಹುಶಃ ಇದೇ. ಮಾರ್ಚ್ 13ರಂದು ಶುರುವಾದ ಮುತ್ತಿಗೆ ಮೇ 7ರಂದು ಫ್ರೆಂಚರ ಶರಣಾಗತಿಯಲ್ಲಿ ಮುಗಿಯಿತು.

ಸೈನಿಕರ ಪ್ರಾಣಕ್ಕೆ ಬೆಲೆ ಕೊಡಲಿಲ್ಲವೆಂಬ ಟೀಕೆಯೂ ಇದೆ. ಸತ್ತವರ ಸಂಖ್ಯೆ ನೋಡಿದರೆ ಅದನ್ನು ತಳ್ಳಿಹಾಕಲಾಗದು.

ದಕ್ಷಿಣ ವಿಯೆಟ್ನಾಂ ಮತ್ತು ಅಮೆರಿಕನ್ ಪಡೆಗಳ ಮೇಲೆ ನಡೆದ 1968ರ ಟೆಟ್ ಆಕ್ರಮಣವನ್ನು ಈತನ ಲೆಕ್ಕಕ್ಕೆ ಬರೆಯುವುದುಂಟು. ಆದರೆ ಅದು ಶುರುವಾದಾಗ ಈತ ಹಂಗೇರಿಯಲ್ಲಿದ್ದ. 1980ರಲ್ಲಿ ರಕ್ಷಣಾ ಸಚಿವ ಸ್ಥಾನ, 1982ರಲ್ಲಿ ಕಮ್ಯುನಿಸ್ಟ್ ಪಕ್ಷದ ಪಾಲಿಟ್‌ಬ್ಯೂರೋ ಸದಸ್ಯತ್ವ ಕೈತಪ್ಪಿದವು. 2009ರಲ್ಲಿ ಬಾಕ್ಸೈಟ್ ಗಣಿಗಾರಿಕೆಯನ್ನು ವಿರೋಧಿಸಿ ಸರ್ಕಾರಕ್ಕೆ ಪತ್ರ ಬರೆದ. 2013ರ ಅಕ್ಟೋಬರ್ 4ರಂದು ಹನೋಯಿಯಲ್ಲಿ, 102ನೇ ವಯಸ್ಸಿನಲ್ಲಿ ನಿಧನ. ಸಮಾಧಿ ಮಾಡಿದ್ದು ಕ್ವಾಂಗ್ ಬಿನ್‌ನಲ್ಲಿ.