ಮಳೆಗಾಲದ ಜ್ವರವೂ ಮುದುಕರ ಲಸಿಕೆಯೂ

ಬೆಳ್ತಂಗಡಿಯಲ್ಲಿ ನನ್ನ ತರಗತಿಯಲ್ಲಿ ಕಲಿತು ಈಗ ಹೊರದೇಶದಲ್ಲಿರುವ ಶಿಷ್ಯನೊಬ್ಬ ಮೊನ್ನೆ ಕರೆ ಮಾಡಿ ಕೇಳಿದ: "ಸರ್, ಅಪ್ಪನಿಗೆ 78 ವರ್ಷ. ಫ್ಲೂ ಲಸಿಕೆ ಹಾಕಿಸಬೇಕೋ ಬೇಡವೋ? ಹಾಕಿಸಿಕೊಂಡವರಿಗೂ ಜ್ವರ ಬರುತ್ತದಲ್ಲ ಎನ್ನುತ್ತಾರೆ ಅವರು." ನಾನು ವೈದ್ಯನಲ್ಲ, ಚರಿತ್ರೆ ಕಲಿಸಿದವನು. ಆದುದರಿಂದ ಚರಿತ್ರೆಯ ದಾರಿಯಿಂದಲೇ ಉತ್ತರಿಸುತ್ತೇನೆ.

1918ರಲ್ಲಿ, ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಈ ಜ್ವರಕ್ಕೆ ಭಾರತದಲ್ಲಿ ಕೋಟಿಗೂ ಮಿಕ್ಕಿ ಜನ ಬಲಿಯಾದರು. ರೋಗಕ್ಕೆ ಕಾರಣವಾದ ವೈರಾಣುವನ್ನು ಮನುಷ್ಯರಿಂದ ಬೇರ್ಪಡಿಸಿದ್ದು 1933ರಲ್ಲಿ, ಲಂಡನ್ನಿನಲ್ಲಿ. 1945ರಲ್ಲಿ ಅಮೆರಿಕದ ಸೈನಿಕರಿಗೆ ಲಸಿಕೆ ದೊರೆಯಿತು. ಎರಡೇ ವರ್ಷಗಳಲ್ಲಿ, 1947ರಲ್ಲಿ, ವೈರಾಣು ತನ್ನ ರೂಪವನ್ನು ಬದಲಿಸಿಕೊಂಡು ಆ ಲಸಿಕೆಯನ್ನು ನಿಷ್ಫಲಗೊಳಿಸಿತು. ಇಂದಿಗೂ ವರ್ಷ ವರ್ಷವೂ ಹೊಸ ಲಸಿಕೆ ಬೇಕಾಗುವುದು ಇದೇ ಕಾರಣದಿಂದ.

1957ರಲ್ಲಿ 'ಏಷ್ಯನ್ ಫ್ಲೂ' ಹಡಗಿನ ಮೂಲಕ ಮದರಾಸಿಗೆ ಬಂದು ದೇಶವಿಡೀ ಹಬ್ಬಿತು. ಬಂಟ್ವಾಳದ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದೆವು. ಅಮ್ಮನ ಶುಂಠಿ, ಕರಿಮೆಣಸಿನ ಕಷಾಯ ಕುಡಿದು ಮಕ್ಕಳಾದ ನಾವು ಎದ್ದೆವು, ಅಜ್ಜಿ ಏಳಲಿಲ್ಲ. ಈ ಜ್ವರ ಮುದುಕರನ್ನೇ ಹೆಚ್ಚಾಗಿ ಕೊಂಡೊಯ್ಯುವುದನ್ನು ಕಂಡ ಅಮೆರಿಕ, 1960ರಿಂದ 65 ದಾಟಿದವರಿಗೆ ಲಸಿಕೆಯನ್ನು ಶಿಫಾರಸು ಮಾಡಿತು.

ಲಸಿಕೆ ಎಷ್ಟು ಕಾಯುತ್ತದೆ? ಚಳಿಗಾಲದಲ್ಲಿ ವೃದ್ಧರ ಒಟ್ಟು ಸಾವುಗಳೇ ಅರ್ಧಕ್ಕಿಳಿಯುತ್ತವೆ ಎಂದು ಹಿಂದೆ ಕೆಲವು ಅಧ್ಯಯನಗಳು ಹೇಳಿದ್ದವು. 2005ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪ್ರಶ್ನಿಸಿದರು. ಚಳಿಗಾಲದ ಸಾವುಗಳಲ್ಲಿ ಫ್ಲೂವಿನ ಪಾಲು ಶೇಕಡಾ 10ನ್ನೂ ಮೀರದಿರುವಾಗ, ಅದರ ಲಸಿಕೆ ಅರ್ಧದಷ್ಟು ಸಾವನ್ನು ತಡೆಯುವುದು ಹೇಗೆ? ಗಣಿತದ ಮೇಷ್ಟ್ರು ಕೇಳಬೇಕಾದ ಪ್ರಶ್ನೆಯೇ ಸರಿ. ನಡೆದುಹೋಗಿ ಲಸಿಕೆ ಹಾಕಿಸಿಕೊಳ್ಳುವಷ್ಟು ಗಟ್ಟಿಮುಟ್ಟಾದವರು ಹೇಗೂ ಹೆಚ್ಚು ದಿನ ಬದುಕುವವರು. ಹಾಸಿಗೆ ಹಿಡಿದವರು ಲಸಿಕೆಯವರೆಗೆ ಬರುವುದೇ ಕಡಿಮೆ. ತಪ್ಪು ನುಸುಳಿದ್ದು ಅಲ್ಲಿ.

ಆ ಮೇಲೆ, ಆಸ್ಪತ್ರೆ ಸೇರಿದವರನ್ನೇ ಪರೀಕ್ಷಿಸಿ, ಫ್ಲೂ ಇದ್ದವರನ್ನೂ ಇಲ್ಲದವರನ್ನೂ ಹೋಲಿಸುವ ಕ್ರಮ ಬಂತು. ಅದರ ಲೆಕ್ಕ ಹೆಚ್ಚು ವಿನಯದ್ದು. ಲಸಿಕೆ ಪಡೆದ ವೃದ್ಧರಲ್ಲಿ ಫ್ಲೂವಿನಿಂದ ಆಸ್ಪತ್ರೆ ಸೇರುವ ಸಂಭವ ಸಾಮಾನ್ಯವಾಗಿ ಶೇಕಡಾ 30ರಿಂದ 50ರಷ್ಟು ಕಡಿಮೆ. ವೈರಾಣುವಿಗೂ ಲಸಿಕೆಗೂ ಹೊಂದಿಕೆಯಾಗದ ವರ್ಷ ಇನ್ನೂ ಕಡಿಮೆ ರಕ್ಷಣೆ.

ಮೂಡುಬಿದಿರೆಯ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಲಸಿಕೆ ಹಾಕಿಸಿಕೊಂಡೂ ಜ್ವರ ಬಂದು ಐದು ದಿನ ಮಲಗಿದರು. ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಒಬ್ಬರ ಅನುಭವ ಪುರಾವೆಯಲ್ಲ, ನಿಜ. ಆದರೆ ಕೊಡೆ ಹಿಡಿದರೂ ಕಾಲು ನೆನೆಯುತ್ತದೆಂದು ಆಟಿಯ ಮಳೆಗೆ ಕೊಡೆಯಿಲ್ಲದೆ ಇಳಿಯುವವರು ನಮ್ಮೂರಲ್ಲಿ ಯಾರಿದ್ದಾರೆ?

ನಮ್ಮಲ್ಲಿ ವೃದ್ಧರ ಫ್ಲೂ ಲಸಿಕೆ ಸರಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಹಣ ಕೊಟ್ಟೇ ಹಾಕಿಸಬೇಕು. ಈ ಜ್ವರ ಇಲ್ಲಿ ಹೆಚ್ಚುವುದು ಮಳೆಗಾಲದಲ್ಲಿ, ಲಸಿಕೆಯ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಆದುದರಿಂದ ಶಿಷ್ಯನಿಗೆ ಹೇಳಿದೆ: "ಮೇ ತಿಂಗಳೊಳಗೆ ಅಪ್ಪನನ್ನು ವೈದ್ಯರಲ್ಲಿಗೆ ಕಳುಹಿಸು. ಜ್ವರವೇ ಬಾರದೆಂದು ಮಾತ್ರ ಅವರಿಗೆ ಮಾತು ಕೊಡಬೇಡ."